ಬೂಷ್ಟು ಹಿಡಿದ ಜೋಳ ಮತ್ತು 249ನೇ ಜಾಗ

ಹಾಸನದ ಕಡೆ ಯಾರಿಗಾದರೂ ಲಿವರ್ ಕ್ಯಾನ್ಸರ್ ಅಂತ ಗೊತ್ತಾದರೆ ಊರಿನವರ ಮೊದಲ ಪ್ರಶ್ನೆ ಒಂದೇ: ‘ಕುಡೀತಿದ್ರಾ?’ ಜನ್ಮದಲ್ಲಿ ಹೆಂಡ ಮುಟ್ಟದ ಹೆಂಗಸಿಗೆ ಬಂದರೂ ಅದೇ ಪ್ರಶ್ನೆ. ಕುಡಿತ ಒಂದು ಕಾರಣ, ನಿಜ. ಹೆಪಟೈಟಿಸ್ ಬಿ, ಸಿ ವೈರಸ್‌ಗಳು, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿದ ಲಿವರ್, ಇವೂ ಕಾರಣಗಳೇ. ಲ್ಯಾಬಿನಲ್ಲಿ ನಾನು ಜಾಸ್ತಿ ಬೆನ್ನು ಹತ್ತಿದ್ದು ಇನ್ನೊಂದನ್ನ. ಅದು ಮುಸುಕಿನ ಜೋಳದ ಬೂಷ್ಟು.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ. ಅದರಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟು ಬಿಟ್ಟ ವಿಷಕ್ಕೆ ಆಮೇಲೆ ಅಫ್ಲಾಟಾಕ್ಸಿನ್ ಅಂತ ಹೆಸರಾಯಿತು. ನಮ್ಮಲ್ಲೂ 1974ರಲ್ಲಿ ಗುಜರಾತ್–ರಾಜಸ್ಥಾನದ ಗಡಿ ಜಿಲ್ಲೆಗಳಲ್ಲಿ ಮಳೆಗೆ ನೆನೆದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಊರ ನಾಯಿಗಳೂ ಉಳಿಯಲಿಲ್ಲ. ಒಂದೇ ಸಲ ಜಾಸ್ತಿ ಹೊಟ್ಟೆಗೆ ಹೋದರೆ ಹೀಗೆ. ಚೂರು ಚೂರೇ ವರ್ಷಗಟ್ಟಲೆ ಹೋದರೆ ಕತೆ ಬೇರೆ.

ಲಿವರ್ ಈ ವಿಷವನ್ನು ಹೊರಗೆ ಹಾಕಲು ಅದರ ರೂಪ ಬದಲಿಸುತ್ತದೆ. ಬದಲಾದ ರೂಪ ಇನ್ನೂ ಕೆಟ್ಟದ್ದು. ಡಿಎನ್‌ಎ ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳ ಬರಹ; ಅದರ ‘ಜಿ’ ಅಕ್ಷರಕ್ಕೆ ಈ ರೂಪ ಹೋಗಿ ಅಂಟಿಕೊಳ್ಳುತ್ತದೆ. ಜೀವಕೋಶ ಎರಡಾಗುವಾಗ ‘ಜಿ’ ಇದ್ದಲ್ಲಿ ‘ಟಿ’ ಬಂದು ಕೂರುತ್ತದೆ. ಕೆಟ್ಟ ಜೀವಕೋಶಗಳನ್ನು ಬೆಳೆಯಲು ಬಿಡದ ಪಿ53 ಎಂಬ ಜೀನ್‌ನಲ್ಲಿ, 249ನೇ ಜಾಗದಲ್ಲಿ, ಹೀಗಾಗುವುದು ಹೆಚ್ಚು. 1991ರಲ್ಲಿ ಒಂದು ತಂಡ ಚೀನಾದ ಚೀದಾಂಗ್‌ನ ರೋಗಿಗಳಲ್ಲಿ, ಇನ್ನೊಂದು ತಂಡ ಆಫ್ರಿಕಾದ ದಕ್ಷಿಣ ಭಾಗದ ರೋಗಿಗಳಲ್ಲಿ ಇದನ್ನು ಕಂಡಿತು. ಎರಡೂ ಕಡೆ ಜೋಳ ತಿನ್ನುವ ಜನ, ಎರಡೂ ಕಡೆ ಅದೇ ಅಕ್ಷರ. ಅಫ್ಲಾಟಾಕ್ಸಿನ್ ಕಡಿಮೆ ಇರುವ ದೇಶಗಳಲ್ಲಿ ಈ ಗುರುತು ಅಪರೂಪ.

ಇದನ್ನು ಹುಡುಕುವ ಕೆಲಸ ನೋಡೋಕೆ ಸಪ್ಪೆ. ಮೇಣದಲ್ಲಿ ಕೂರಿಸಿದ ಗಡ್ಡೆಯ ಚೂರನ್ನು ತೆಳ್ಳಗೆ ಕೊಯ್ದು, ಮೇಣ ತೊಳೆದು, ಡಿಎನ್‌ಎ ತೆಗೆದು ಯಂತ್ರಕ್ಕೆ ಓದಿಸಬೇಕು. ಪರದೆ ಮೇಲೆ ‘ಜಿ’ಗೆ ಕಪ್ಪು ಗೆರೆ, ‘ಟಿ’ಗೆ ಕೆಂಪು. ಗಡ್ಡೆಯೊಳಗೆ ಒಳ್ಳೆಯ ಜೀವಕೋಶಗಳೂ ಬೆರೆತಿರುತ್ತವೆ, ಹಾಗಾಗಿ ಒಂದೇ ಜಾಗದಲ್ಲಿ ಎರಡೂ ಗೆರೆ ಏಳುತ್ತವೆ. ಕೆಂಪು ಗೆರೆ ತೀರಾ ಗಿಡ್ಡ ಇದ್ದರೆ ನಂಬುವ ಹಾಗಿಲ್ಲ. ಡಿಎನ್‌ಎಯ ಎದುರು ಎಳೆಯನ್ನೂ ಓದಿಸಬೇಕು. ಅಲ್ಲಿ ‘ಜಿ’ಯ ಎದುರು ‘ಸಿ’, ‘ಟಿ’ಯ ಎದುರು ‘ಎ’ ಇರುತ್ತದೆ; ‘ಸಿ’ಯ ನೀಲಿಯ ಕೆಳಗೆ ‘ಎ’ಯ ಹಸಿರು ಕಂಡರೆ ಮಾತ್ರ ಲೆಕ್ಕಕ್ಕೆ. ಹೊಸ ವಿದ್ಯಾರ್ಥಿಗಳು ಅವಸರ ಮಾಡುವುದು ಇಲ್ಲೇ.

ಇಷ್ಟೆಲ್ಲ ಹುಡುಕಿ ಸಿಕ್ಕಿದ್ದು ಔಷಧಿಯಲ್ಲ. 2008ರಲ್ಲಿ ಬಂದ ದೊಡ್ಡ ಪರೀಕ್ಷೆಯ ಫಲಿತಾಂಶದಲ್ಲಿ ಲಿವರ್ ಕ್ಯಾನ್ಸರ್‌ಗೆ ಕೊಡುವ ಸೊರಾಫೆನಿಬ್ ಮಾತ್ರೆ ರೋಗಿಗಳ ಬದುಕಿಗೆ ಸುಮಾರು 3 ತಿಂಗಳು ಸೇರಿಸಿತು. ಚೀದಾಂಗ್ ಜನ 1980ರ ದಶಕದಲ್ಲಿ ಜೋಳ ಬಿಟ್ಟು ಅಕ್ಕಿಗೆ ಬಂದರು. ಹೆಪಟೈಟಿಸ್ ಬಿ ಲಸಿಕೆ ಸಿಗದ ಪೀಳಿಗೆಯಲ್ಲೂ ಅಲ್ಲಿ ಲಿವರ್ ಕ್ಯಾನ್ಸರ್ ಸಾವು ಇಳಿಯಿತು. ನನ್ನ ಲೆಕ್ಕದಲ್ಲಿ ಇದು ಮಾತ್ರೆಗಿಂತ ದೊಡ್ಡ ಗೆಲುವು.

ನಮ್ಮ ಜಿಲ್ಲೆಯಲ್ಲಿ ಕೊಯ್ಲಿನ ಹೊತ್ತಿಗೆ ಹಿಂಗಾರು ಸುರಿದರೆ ಕಣದ ಜೋಳ ಒಣಗುವುದಿಲ್ಲ. ಚೆನ್ನಾಗಿರೋದು ಮಾರಾಟಕ್ಕೆ, ಬೂಷ್ಟು ಹಿಡಿದದ್ದು ದನಕ್ಕೆ, ಅಲ್ವಾ? ಹಸು ತಿಂದ ವಿಷದ ಒಂದು ಪಾಲು ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಅಂಥ ಜೋಳವನ್ನು ದನಕ್ಕೂ ಹಾಕಬೇಡಿ, ಕೋಳಿಗೂ ಹಾಕಬೇಡಿ.

ಹೆಪಟೈಟಿಸ್ ಬಿ ಇದ್ದವರಿಗಂತೂ ಇದು ದುಪ್ಪಟ್ಟಲ್ಲ, ಹಲವು ಪಟ್ಟು ಅಪಾಯ. ಶಾಂಘೈನ 1994ರ ಅಧ್ಯಯನದಲ್ಲಿ ವೈರಸ್ ಒಂದೇ ಇದ್ದವರಿಗೆ ಅಪಾಯ ಸುಮಾರು 7 ಪಟ್ಟು, ವೈರಸ್ಸೂ ವಿಷವೂ ಸೇರಿದವರಿಗೆ ಸುಮಾರು 60 ಪಟ್ಟು. ಇಷ್ಟು ಹೇಳಿದರೆ ಮಲೆನಾಡಿನವರು ಕೇಳುವುದು, ‘ನೆಲನೆಲ್ಲಿ ಕುಡಿದರೆ ಸಾಲ್ದಾ?’ ಸುಮ್ನೆ ನಗುವ ಪ್ರಶ್ನೆಯಲ್ಲ ಅದು. ಈ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲೂಂಬರ್ಗ್ ಅವರೇ ಮದ್ರಾಸಿನ ವಿಜ್ಞಾನಿಗಳ ಜೊತೆ ಅದನ್ನು ಪರೀಕ್ಷಿಸಿದ್ದರು. 1988ರ ಅವರ ವರದಿಯಲ್ಲಿ ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಹೋಗಿತ್ತು. ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ. ಲಸಿಕೆಯ ಫಲ ಸಿಕ್ಕಿದೆ. ತೈವಾನ್ 1984ರಲ್ಲಿ ಹಸುಗೂಸುಗಳಿಗೆ ಶುರು ಮಾಡಿತು. 1997ರ ವರದಿಯ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಇಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಪುಕ್ಕಟೆ. ಮಗು ಹುಟ್ಟಿದ 24 ಗಂಟೆಯೊಳಗೆ ಕೇಳಿ ಹಾಕಿಸಿ.