ಶೂಟಿಂಗ್ ಆದ ಜಾಗವನ್ನು ಯಾರು ಹೇಗೆ ನೋಡುತ್ತಾರೆ: ಬಾದಾಮಿಯ ಮೆಟ್ಟಿಲುಗಳಿಂದ ಒಂದು ಟಿಪ್ಪಣಿ

ಸಿನಿಮಾ ಅಥವಾ ಧಾರಾವಾಹಿ ಚಿತ್ರೀಕರಣಗೊಂಡ ತಾಣದಲ್ಲಿ ಪ್ರವಾಸಿಗೆ ಆಗುವ ಅನುಭವದ ಪಾಠವನ್ನು ಪ್ರವಾಸೋದ್ಯಮ ಓದುವ ನಾವು ‘ಜಪಾನಿಯರು ಹೀಗೆ, ಭಾರತೀಯರು ಹಾಗೆ’ ಎಂದು ದೇಶವಾರು ಉರುಹೊಡೆಯುತ್ತೇವೆ. ನನಗೆ ಈ ಪಾಠ ತಲೆಗೆ ಹತ್ತಿದ್ದು ತರಗತಿಯಲ್ಲಲ್ಲ, ಬಾದಾಮಿಯ ಅಗಸ್ತ್ಯ ತೀರ್ಥವೆಂಬ ಕೆರೆಯ ಮೆಟ್ಟಿಲುಗಳ ಮೇಲೆ.

ಗುಜರಾತಿನ ವ್ಯಾಪಾರಿಯೊಬ್ಬನ ಕಥೆಯಿರುವ 2007ರ ಹಿಂದಿ ಚಿತ್ರ ‘ಗುರು’ವಿನ ಕೆಲವು ಭಾಗಗಳು ಬಾದಾಮಿಯಲ್ಲಿ ಚಿತ್ರೀಕರಣಗೊಂಡಿವೆ. ಸೊಲ್ಲಾಪುರದ ಕಡೆಯ ಕುಟುಂಬವೊಂದು ಗೈಡನ್ನು “ಅಣ್ಣಾರ, ಶೂಟಿಂಗ್ ಎಲ್ಲಿ ಆಗಿತ್ರಿ?” ಎಂದು ಕೇಳಿತು. ಆತ “ಮೊದಲ ವಾತಾಪಿ ಕಥಿ ಕೇಳ್ರಿ, ಆಮ್ಯಾಲೆ ಆ ಜಾಗ ತೋರಸ್ತೀನಿ” ಎಂದು, ಟಗರಾಗಿ ಬೆಂದು ಉಂಡವರ ಹೊಟ್ಟೆ ಸೀಳಿ ಹೊರಬರುತ್ತಿದ್ದ ರಾಕ್ಷಸನನ್ನು ಅಗಸ್ತ್ಯರು ಅರಗಿಸಿಕೊಂಡ ಕಥೆಯನ್ನು ಹೇಳತೊಡಗಿದ. ಕಥೆ ಮುಗಿದಾಗ ಅಜ್ಜಿ ಕೆರೆಗೆ ಕೈಮುಗಿದರು. ಮೊಮ್ಮಗ ನಾಯಕನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತು ಫೋಟೊ ತೆಗೆಸಿಕೊಂಡ. ಪಕ್ಕದಲ್ಲಿದ್ದ ವಿದೇಶಿ ದಂಪತಿಯದು ಬೇರೆಯೇ ಪ್ರಶ್ನೆ: ಈ ಮೆಟ್ಟಿಲುಗಳಲ್ಲಿ ಚಾಲುಕ್ಯರ ಕಾಲದವು ಯಾವುವು, ಆಮೇಲೆ ಕಟ್ಟಿದವು ಯಾವುವು? (ಎಲ್ಲರ ಗಮನವನ್ನೂ ಒಂದೇ ಕ್ಷಣ ಸೆಳೆದದ್ದು ಚೀಲಕ್ಕೆ ಕೈಹಾಕಿದ ಮಂಗ.)

ಅಜ್ಜಿಯ ನೋಟಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಸ್ಥಳಪುರಾಣ. ಐಹೊಳೆಯಲ್ಲಿ ಪರಶುರಾಮ ಮಲಪ್ರಭೆಗಿಳಿದು ಕೊಡಲಿ ತೊಳೆದನೆಂದು ಕೇಳಿದವರು ಅದಕ್ಕೆ ದಾಖಲೆ ಕೇಳುವುದಿಲ್ಲ. ಬಂಡೆಯ ಮೇಲಿನ ಕುರುಹು ನೋಡಿ ತೃಪ್ತರಾಗುತ್ತಾರೆ. ಕಥೆ ನಿಜವೋ ಸುಳ್ಳೋ ಎಂಬುದಕ್ಕಿಂತ ಕಥೆಯ ನೆಲವನ್ನು ಮೆಟ್ಟಿದೆವು ಎಂಬುದು ಇಲ್ಲಿ ಮುಖ್ಯ. ಸಿನಿಮಾ ತಾಣವನ್ನೂ ನಮ್ಮಲ್ಲಿ ಹಲವರು ಇದೇ ಕಣ್ಣಿನಿಂದ ನೋಡುತ್ತಾರೆಂಬುದು ನನ್ನ ಗ್ರಹಿಕೆ. ‘ಶೋಲೆ’ (1975) ಚಿತ್ರೀಕರಣಗೊಂಡ ರಾಮನಗರದ ಬೆಟ್ಟಗಳಲ್ಲಿ ಗಬ್ಬರ್ ಎಲ್ಲಿದ್ದನೆಂದು ಕೇಳುವವರಿದ್ದಾರೆ. ಪಾತ್ರಧಾರಿ ಎಲ್ಲಿ ನಿಂತಿದ್ದ ಎಂಬುದು ಅವರ ಪ್ರಶ್ನೆಯಲ್ಲ.

ಮೊಮ್ಮಗನ ನೋಟಕ್ಕೆ ಬೇರೆ ಮೂಲವಿದೆ. ಹಿಂದಿ ಚಿತ್ರದ ಹಾಡಿನಲ್ಲಿ ಸ್ವಿಟ್ಜರ್ಲೆಂಡ್ ಅನೇಕ ಬಾರಿ ಸ್ವಿಟ್ಜರ್ಲೆಂಡೇ ಆಗಿರುವುದಿಲ್ಲ. ಪ್ರೇಮಿಗಳು ಕಣ್ಣು ಮುಚ್ಚಿದೊಡನೆ ಹೋಗಿ ಸೇರುವ ಹೆಸರಿಲ್ಲದ ಲೋಕವದು. ಹಾಗಾಗಿ ಭಾರತೀಯ ಪ್ರವಾಸಿ ಅಲ್ಲಿ ಘಟನೆ ನಡೆದ ಸ್ಥಳಕ್ಕಿಂತ ಹೆಚ್ಚಾಗಿ ಹಾಡಿನ ಭಂಗಿಯನ್ನು ಹುಡುಕುತ್ತಾನೆ, ತೋಳು ಚಾಚಿ ನಿಲ್ಲುತ್ತಾನೆ, ಜೊತೆಗೆ ಬಂದ ಬಂಧುಬಳಗವನ್ನೂ ಚೌಕಟ್ಟಿನೊಳಗೆ ಎಳೆದುಕೊಳ್ಳುತ್ತಾನೆ. ಇಂಟರ್‌ಲಾಕೆನ್ ಪಟ್ಟಣದಲ್ಲಿ 2016ರಲ್ಲಿ ಹಿಂದಿ ಚಿತ್ರ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆ ನಿಂತದ್ದು ಈ ಅಭ್ಯಾಸದ ಆರ್ಥಿಕ ಬೆಲೆ ಅಲ್ಲಿನವರಿಗೆ ತಿಳಿದಿದ್ದರಿಂದಲೇ.

ಜಪಾನಿನ ಅನಿಮೆ (ಅಲ್ಲಿನ ಕಾರ್ಟೂನ್ ಚಿತ್ರ, ಸರಣಿ) ಅಭಿಮಾನಿಗಳು ಇಂಥ ಪ್ರಯಾಣಕ್ಕೆ ‘ಸೆಯಿಚಿ ಜುನ್‌ರೆಯಿ’, ಎಂದರೆ ಪುಣ್ಯಸ್ಥಳ ಯಾತ್ರೆ, ಎನ್ನುತ್ತಾರೆ. ಅವರಲ್ಲಿ ಅನೇಕರು ಪರದೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಅದೇ ಕೋನ ಸಿಗುವ ತನಕ ಹಿಂದೆ ಮುಂದೆ ಸರಿದು ಫೋಟೊ ತೆಗೆಯುತ್ತಾರೆ. ಅದರಲ್ಲಿ ತಾವು ಇರಲೇಬೇಕೆಂದಿಲ್ಲ. ‘ಲಕಿ ಸ್ಟಾರ್’ ಅನಿಮೆ ಸರಣಿ (2007) ಪ್ರಸಾರವಾದ ಮೇಲೆ ವಾಶಿನೋಮಿಯಾ ದೇಗುಲಕ್ಕೆ ಬಂದವರು ಹರಕೆಯ ಮರದ ಹಲಗೆಗಳ ಮೇಲೆ ಅದರ ಪಾತ್ರಗಳ ಚಿತ್ರ ಬರೆದು ನೇತುಹಾಕಿದರು. ಮಕ್ಕಳಾಗಲೆಂದು ಗುಡಿಯ ಮರಕ್ಕೆ ತೊಟ್ಟಿಲು ಕಟ್ಟುವುದನ್ನು ಕಂಡವರಿಗೆ ಇದು ಅಷ್ಟೇನೂ ವಿಚಿತ್ರವೆನಿಸದು.

ದಂಪತಿಯ ಪ್ರಶ್ನೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಡೀನ್ ಮ್ಯಾಕನೆಲ್ 1973ರಲ್ಲಿ ಮಂಡಿಸಿದ ‘ಸಜ್ಜುಗೊಳಿಸಿದ ನೈಜತೆ’ಯ ವಿಚಾರ ಹೊಂದುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಅತಿಥಿಗೆ ಪಡಸಾಲೆ ಸಾಲದು, ಅಡುಗೆಮನೆ ನೋಡಬೇಕು. ಆತಿಥೇಯ ಅದಕ್ಕಾಗಿಯೇ ಒಂದು ಅಡುಗೆಮನೆಯನ್ನು ಒಪ್ಪಮಾಡಿ ಇಡುತ್ತಾನೆ. ಆದರೆ ಪಾಶ್ಚಾತ್ಯರೆಲ್ಲ ಅಸಲಿಯನ್ನೇ ಹುಡುಕುತ್ತಾರೆಂದು ಬರೆದರೆ ತಪ್ಪು. ನ್ಯೂಜಿಲೆಂಡಿನ ಮಾಟಮಾಟಾದ ಕುರಿ ಫಾರ್ಮಿನಲ್ಲಿರುವ ‘ಹಾಬಿಟನ್’ ಗ್ರಾಮ ‘ಲಾರ್ಡ್ ಆಫ್ ದ ರಿಂಗ್ಸ್’ ಸಿನಿಮಾಕ್ಕಾಗಿ ಕಟ್ಟಿದ ಸೆಟ್ ಎಂದು ತಿಳಿದೇ ಅವರು ಟಿಕೆಟ್ ಕೊಳ್ಳುತ್ತಾರೆ.

ಆದ್ದರಿಂದ ದೇಶದ ಹೆಸರಿಗಿಂತ, ನೋಡುವವನಿಗೆ ಕಥೆಯೊಂದಿಗಿರುವ ನಂಟನ್ನೇ ಮೊದಲು ವಿಚಾರಿಸಬೇಕೆಂಬುದು ನನ್ನ ವಾದ. ‘ಸೌಂಡ್ ಆಫ್ ಮ್ಯೂಸಿಕ್’ (1965) ನೋಡಿ ಸಾಲ್ಜ್‌ಬರ್ಗ್‌ಗೆ ಬರುವ ಅಮೆರಿಕನ್ನರು ಮಿರಾಬೆಲ್ ಉದ್ಯಾನದ ಮೆಟ್ಟಿಲುಗಳ ಮೇಲೆ ಹಾಡುತ್ತಾ ಜಿಗಿಯುವಾಗ, ಆ ಚಿತ್ರವೇ ಅಷ್ಟಾಗಿ ಗೊತ್ತಿರದ ಅನೇಕ ಆಸ್ಟ್ರಿಯನ್ನರಿಗೆ ಅದೊಂದು ಒಗಟು; ಇಬ್ಬರೂ ಪಾಶ್ಚಾತ್ಯರೇ. ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಕೊರಿಯಾದ ‘ವಿಂಟರ್ ಸೊನಾಟಾ’ (2002) 20 ಕಂತುಗಳ ಧಾರಾವಾಹಿ. ಅದನ್ನು ವಾರವಾರವೂ ಕಾದು ನೋಡಿದ ಜಪಾನಿನ ನಡುವಯಸ್ಸಿನ ಮಹಿಳೆಯರು ನಾಮಿ ದ್ವೀಪದ ಸಾಲುಮರಗಳ ನಡುವೆ ನಡೆದಾಗ, ಪಾತ್ರಗಳ ಜೊತೆಗೆ ತಮ್ಮದೇ ಹರೆಯವನ್ನೂ ನೆನೆದರು. ಒಂದೇ ಸಲ ಕೂತು ನೋಡಿದ ಎರಡು ಗಂಟೆಯ ಚಿತ್ರದೊಂದಿಗೆ ಅಂಥ ಬಳಕೆ ಬೆಳೆಯುವುದು ಕಷ್ಟ.

ಊರಿನವರ ಅನುಭವವನ್ನು ಪಠ್ಯಗಳು ಕೊನೆಯ ಪುಟಕ್ಕೆ ತಳ್ಳುತ್ತವೆ. ನನ್ನ ಟಿಪ್ಪಣಿಯಲ್ಲೂ ಅದು ಕೊನೆಗೇ ಬಂದಿದೆ. ಕೊರಿಯಾದ ಮತ್ತೊಂದು ಧಾರಾವಾಹಿಯಲ್ಲಿ ಕಾಣಿಸಿಕೊಂಡ ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಗ್ರಾಮ ಜನಜಂಗುಳಿ ತಾಳಲಾರದೆ, 2023ರಲ್ಲಿ ತನ್ನ ಕೆರೆದಂಡೆಯ ಕಟ್ಟೆಗೆ ಗೇಟು ಹಾಕಿ 5 ಫ್ರಾಂಕ್ ಶುಲ್ಕ ವಿಧಿಸಿತು. ಬಾದಾಮಿಯಲ್ಲಿ ಆ ದಿನ ಮೊಮ್ಮಗನ ಚೌಕಟ್ಟಿನೊಳಗೆ ಬಟ್ಟೆ ಒಗೆಯುವ ಹೆಂಗಸರಿಬ್ಬರು ಬರುತ್ತಿದ್ದರು. “ಸ್ವಲ್ಪ ಸರೀರಿ ಅಕ್ಕಾ” ಎಂದಾಗ ಅವರು ತಲೆಯೆತ್ತದೆ ಎರಡು ಮೆಟ್ಟಿಲು ಆಚೆ ಸರಿದರು; ಹಿಂಡುತ್ತಿದ್ದ ಸೀರೆಯನ್ನು ಮಾತ್ರ ಕೆಳಗಿಡಲಿಲ್ಲ.