ಸ್ಕಿಜೋಫ್ರೇನಿಯಾ: ಸೀಳಿರುವುದು ಏನು?

ಅಬಕಾರಿ ವರಮಾನದ ಗುರಿಯನ್ನು ಬಜೆಟ್ಟಿನಿಂದ ಬಜೆಟ್ಟಿಗೆ ಏರಿಸುತ್ತಾ, ಜೊತೆಗೇ ಮದ್ಯಪಾನ ಸಂಯಮ ಮಂಡಳಿಯನ್ನೂ ನಡೆಸುವ ಸರ್ಕಾರದ ಧೋರಣೆಯನ್ನು ಟೀಕಿಸಿದ ಲೇಖನವೊಂದನ್ನು ಈಚೆಗೆ ಓದಿದೆ. ಟೀಕೆಯಲ್ಲಿ ಹುರುಳಿತ್ತು, ಆದರೆ ಲೇಖಕರು ಕೊನೆಗೆ ಆ ಧೋರಣೆಗೆ "ಸ್ಕಿಜೋಫ್ರೇನಿಯಾ" ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಸಂಜೆ ಮಳೆ ತೋರಿಸುವ ಬೆಂಗಳೂರಿನ ಹವೆಗೂ, ಒಂದು ಪಂದ್ಯದಲ್ಲಿ ಅಬ್ಬರಿಸಿ ಮರುಪಂದ್ಯದಲ್ಲಿ ಮುಗ್ಗರಿಸುವ ಕ್ರಿಕೆಟ್ ತಂಡಕ್ಕೂ, ಬೆಳಗಾಗುವುದರೊಳಗೆ ಪಕ್ಷ ಬದಲಿಸುವ ಶಾಸಕರಿಗೂ ಇದೇ ಕಾಯಿಲೆಯನ್ನು ಅಂಟಿಸುವ ಬರಹಗಳಿಗೆ ಕೊರತೆಯಿಲ್ಲ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಕೆಲಸಕ್ಕೆ ಇಬ್ಬಗೆ ನೀತಿ, ಸೋಗಲಾಡಿತನ, ಗೋಸುಂಬೆತನ, ಎಡಬಿಡಂಗಿತನ ಎಂದು ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ. ಅವನ್ನೆಲ್ಲ ಬಿಟ್ಟು ಆಸ್ಪತ್ರೆಯಿಂದ ಒಂದು ಪದವನ್ನು ಎರವಲು ತರುವ ಅಗತ್ಯ ಏನಿದೆಯೋ ತಿಳಿಯದು. ಅದರಲ್ಲೂ ಆ ಕಾಯಿಲೆಗೂ ಇಬ್ಬಗೆತನಕ್ಕೂ ಸಂಬಂಧವೇ ಇಲ್ಲದಿರುವಾಗ.

ತಪ್ಪಿನ ಮೂಲ ಪದದ ವ್ಯುತ್ಪತ್ತಿಯಲ್ಲೇ ಇದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಒಯ್ಗನ್ ಬ್ಲಾಯ್ಲರ್ 1908ರ ಏಪ್ರಿಲ್ 24ರಂದು ಬರ್ಲಿನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಈ ಪದವನ್ನು ಮೊದಲು ಮುಂದಿಟ್ಟರು. 1911ರಲ್ಲಿ ಅದನ್ನು ವಿವರಿಸುವ ದೊಡ್ಡ ಗ್ರಂಥವನ್ನೂ ಪ್ರಕಟಿಸಿದರು. ಆವರೆಗೆ ಜರ್ಮನಿಯ ಎಮಿಲ್ ಕ್ರೇಪೆಲಿನ್ ಬಳಕೆಗೆ ತಂದಿದ್ದ "ಡಿಮೆನ್ಷಿಯಾ ಪ್ರೀಕಾಕ್ಸ್", ಅಂದರೆ ಅಕಾಲದಲ್ಲಿ ಬರುವ ಬುದ್ಧಿಕ್ಷಯ ಎಂಬ ಹೆಸರು ಚಾಲ್ತಿಯಲ್ಲಿತ್ತು. ಜ್ಯೂರಿಕ್ಕಿನ ಬುರ್ಗ್‌ಹೋಲ್ಜ್‌ಲಿ ಆಸ್ಪತ್ರೆಯ ಮುಖ್ಯಸ್ಥರಾಗಿ ರೋಗಿಗಳನ್ನು ದಿನವೂ ಹತ್ತಿರದಿಂದ ನೋಡುತ್ತಿದ್ದ ಬ್ಲಾಯ್ಲರ್ ಅವರಿಗೆ ಆ ಹೆಸರಿನ ಎರಡು ಭಾಗಗಳೂ ಒಪ್ಪಿಗೆಯಾಗಲಿಲ್ಲ. ಕಾಯಿಲೆ ಎಲ್ಲರಿಗೂ ಎಳೆಯ ವಯಸ್ಸಿನಲ್ಲೇ ಬರುತ್ತಿರಲಿಲ್ಲ, ಎಲ್ಲರಲ್ಲೂ ಬುದ್ಧಿಕ್ಷಯದಲ್ಲಿ ಕೊನೆಗೊಳ್ಳುತ್ತಲೂ ಇರಲಿಲ್ಲ. ಹಾಗಾಗಿ ಅವರು ಗ್ರೀಕ್ ಭಾಷೆಯ ಎರಡು ಮಾತುಗಳನ್ನು ಕೂಡಿಸಿ ಹೊಸ ಹೆಸರನ್ನು ಕಟ್ಟಿದರು. "ಸ್ಖಿಝೈನ್" ಎಂದರೆ ಸೀಳುವುದು. "ಫ್ರೇನ್" ಎಂದರೆ ಮೊದಲಿಗೆ ಎದೆ ಮತ್ತು ಹೊಟ್ಟೆಗಳ ನಡುವಿನ ವಪೆ. ಪ್ರಾಚೀನ ಗ್ರೀಕರು ಆಲೋಚನೆ, ಭಾವನೆಗಳ ನೆಲೆ ಅಲ್ಲೇ ಇದೆ ಎಂದು ನಂಬಿದ್ದರಿಂದ ಆ ಮಾತಿಗೆ ಮನಸ್ಸು ಎಂಬ ಅರ್ಥವೂ ಬಂತು. ವಪೆಗೆ ಹೋಗುವ ನರವನ್ನು ವೈದ್ಯರು ಇಂದಿಗೂ ಫ್ರೆನಿಕ್ ನರ ಎಂದೇ ಕರೆಯುತ್ತಾರೆ. ಧೈರ್ಯಕ್ಕೆ ಎದೆಗಾರಿಕೆ ಎನ್ನುವ ನಮಗೆ ಗ್ರೀಕರ ಈ ನಂಬಿಕೆ ವಿಚಿತ್ರವಾಗಿ ಕಾಣಬೇಕಿಲ್ಲ.

ಇನ್ನು "ಸ್ಖಿಝೈನ್" ನಮಗೆ ದೂರದ ನೆಂಟನೇ. ಸಂಸ್ಕೃತದ "ಛಿದ್" ಧಾತುವೂ ಅದೂ ಒಂದೇ ಬೇರಿನಿಂದ ಕವಲೊಡೆದವು ಎಂಬುದು ಭಾಷಾವಿಜ್ಞಾನಿಗಳಿಗೆ ತಿಳಿದ ಸಂಗತಿ. ಛಿದ್ರ, ವಿಚ್ಛೇದ, ಪರಿಚ್ಛೇದಗಳೆಲ್ಲ ಆ ಧಾತುವಿನ ಮಕ್ಕಳು. ಹಾಗಾಗಿ ಕೆಲವರು ಬಳಸುವ "ಛಿದ್ರಮನಸ್ಕತೆ" ಎಂಬ ಪದ ಮೂಲದ ಅಚ್ಚು ಪಡಿಯಚ್ಚು; ಜೊತೆಗೆ, ಛಿದ್ರ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಎರಡು ಹೋಳಲ್ಲ, ಚೂರುಚೂರಾಗಿರುವುದು. ಆ ಮಟ್ಟಿಗೆ ಈ ಪದ ಗ್ರೀಕ್ ಮೂಲಕ್ಕಿಂತ ಮೇಲು. ತೊಂದರೆ ಇರುವುದು ನಮ್ಮ ಆರೋಗ್ಯ ಸಾಹಿತ್ಯದಲ್ಲಿ ಹೆಚ್ಚು ಕಾಣುವ ಇನ್ನೊಂದು ಪದದಲ್ಲಿ: ಇಚ್ಚಿತ್ತ ವಿಕಲತೆ. ಇರ್ ಎಂಬ ಹಳಗನ್ನಡದ ಸಂಖ್ಯಾರೂಪ ಮುಂದಿನ ವ್ಯಂಜನದೊಂದಿಗೆ ಬೆರೆತು ಇಕ್ಕೆಲ, ಇಬ್ಬಗೆ, ಇಮ್ಮಡಿ, ಇತ್ತಂಡ ಆಗುವಂತೆಯೇ ಇಲ್ಲಿ ಇರ್ ಮತ್ತು ಚಿತ್ತ ಸೇರಿ ಇಚ್ಚಿತ್ತ ಆಗಿದೆ. ಕನ್ನಡದ ಸಂಖ್ಯೆಗೆ ಸಂಸ್ಕೃತದ ನಾಮಪದ ಸೇರಿರುವುದರಿಂದ ಅರಿಸಮಾಸವೆಂದು ವೈಯಾಕರಣರು ಹುಬ್ಬು ಗಂಟಿಕ್ಕಬಹುದು. ಅದು ದೊಡ್ಡ ದೋಷವಲ್ಲ. ದೊಡ್ಡ ದೋಷವೆಂದರೆ ಮೂಲದಲ್ಲಿ ಎಲ್ಲಿಯೂ ಇಲ್ಲದ "ಎರಡು" ಎಂಬ ಸಂಖ್ಯೆಯನ್ನು ನಾವೇ ತಂದು ಸೇರಿಸಿದ್ದು. ಬ್ಲಾಯ್ಲರ್ ಸೀಳಿದೆ ಎಂದರೇ ಹೊರತು ಎರಡಾಗಿ ಸೀಳಿದೆ ಎನ್ನಲಿಲ್ಲ. ಇದು ಸಾಲದೆಂಬಂತೆ ಹಲವರು ಚಕಾರಕ್ಕೆ ಮಹಾಪ್ರಾಣ ಹಚ್ಚಿ "ಇಚ್ಛಿತ್ತ" ಎಂದು ಬರೆಯುತ್ತಾರೆ. ಆಗ ಓದುಗರಿಗೆ ಅಲ್ಲಿ ಇಚ್ಛೆ ಕಾಣಿಸುತ್ತದೆ, ಚಿತ್ತ ಮಾಯವಾಗುತ್ತದೆ, ರೋಗಿಯು ಬೇಕೆಂದೇ ಹೀಗಾಡುತ್ತಿದ್ದಾನೆ ಎಂಬ ಸಂಶಯ ಮೊದಲೇ ಇದ್ದ ಮನೆಯವರಿಗೆ ಅದು ಇನ್ನಷ್ಟು ಬಲವಾಗುತ್ತದೆ.

ಹಾಗಾದರೆ ಬ್ಲಾಯ್ಲರ್ ಹೇಳಿದ ಸೀಳು ಯಾವುದು? ಸಾಮಾನ್ಯವಾಗಿ ಒಟ್ಟಿಗೆ ನಡೆಯುವ ಆಲೋಚನೆ, ಭಾವನೆ, ಸಂಕಲ್ಪ, ಗ್ರಹಿಕೆಗಳು ಒಂದರೊಡನೊಂದು ಕಳಚಿಕೊಳ್ಳುವುದು. ತಾಯಿ ತೀರಿಕೊಂಡ ಸುದ್ದಿಯನ್ನು ಸರಿಯಾಗಿಯೇ ತಿಳಿಸುವ ವ್ಯಕ್ತಿಯ ಮುಖದಲ್ಲಿ ದುಃಖದ ಬದಲು ಅರ್ಥವಿಲ್ಲದ ನಗೆ ಇರಬಹುದು, ಅಥವಾ ಏನೂ ಇಲ್ಲದಿರಬಹುದು. ಊಟವಾಯಿತೇ ಎಂದು ಕೇಳಿದರೆ ಉತ್ತರ ಅನ್ನದಿಂದ ಆರಂಭವಾಗಿ, ಗದ್ದೆಗೆ ಹೋಗಿ, ಗದ್ದೆಯಿಂದ ನೀರಿಗೆ, ನೀರಿನಿಂದ ಅದರಲ್ಲಿ ಬೆರೆಸಿರುವ ವಿಷಕ್ಕೆ ಹೋಗಬಹುದು. ಒಂದೊಂದು ವಾಕ್ಯವೂ ಬಿಡಿಯಾಗಿ ಸರಿಯಿರುತ್ತದೆ, ವಾಕ್ಯಗಳನ್ನು ಪೋಣಿಸುವ ದಾರ ಕಡಿದಿರುತ್ತದೆ. ಬ್ಲಾಯ್ಲರ್ ಅವರಿಗೆ ಮುಖ್ಯವಾಗಿ ಕಂಡದ್ದು ಈ ದಾರ ಕಡಿಯುವಿಕೆ. ಒಂದೇ ವಿಷಯದ ಬಗ್ಗೆ ಒಂದೇ ಗಳಿಗೆಯಲ್ಲಿ ಇರುವ ವಿರುದ್ಧ ಭಾವಗಳಿಗೆ "ಆಂಬಿವೇಲೆನ್ಸ್" ಎಂದೂ, ಹೊರಜಗತ್ತಿನಿಂದ ಹಿಂದೆ ಸರಿದು ತನ್ನೊಳಗೇ ಮುಳುಗುವುದಕ್ಕೆ "ಆಟಿಸಂ" ಎಂದೂ ಹೆಸರಿಟ್ಟವರೂ ಅವರೇ. ಎರಡನೆಯ ಪದ 1943ರಲ್ಲಿ ಲಿಯೋ ಕ್ಯಾನರ್ ಅವರ ಕೈಯಲ್ಲಿ ಮಕ್ಕಳ ಬೇರೆಯೇ ಸ್ಥಿತಿಯೊಂದರ ಹೆಸರಾಯಿತು. ಸರ್ಕಾರದ ನೀತಿಯನ್ನು ಟೀಕಿಸುವವರಿಗೆ ಮೊದಲನೆಯ ಪದವಾದರೂ ಉಪಯೋಗಕ್ಕೆ ಬಂದೀತು. ಅದನ್ನು ಮಾತ್ರ ಯಾರೂ ಎತ್ತಿಕೊಳ್ಳಲಿಲ್ಲ.

ಜನ ಸ್ಕಿಜೋಫ್ರೇನಿಯಾ ಎಂದಾಗ ನಿಜವಾಗಿ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಂದೇ ದೇಹದಲ್ಲಿ ಇಬ್ಬರು ವ್ಯಕ್ತಿಗಳಿರುವ ಸ್ಥಿತಿಯನ್ನು. ಅದಕ್ಕೆ ಬೇರೆ ಹೆಸರಿದೆ, ಬೇರೆ ಅಧ್ಯಾಯವಿದೆ: ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್. 1994ಕ್ಕೆ ಮೊದಲು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದನ್ನು ಬಹುವ್ಯಕ್ತಿತ್ವದ ಕಾಯಿಲೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. 2004ರ "ಆಪ್ತಮಿತ್ರ"ದಲ್ಲಿ ಗಂಗಾ ನಾಗವಲ್ಲಿಯಾಗಿ ಬದಲಾಗುವುದನ್ನು ನೋಡಿದ ಕನ್ನಡಿಗರಿಗೆ ಈ ಕಲ್ಪನೆ ಚೆನ್ನಾಗಿ ಪರಿಚಿತ. ಸಿನಿಮಾದ ಉತ್ಪ್ರೇಕ್ಷೆಯನ್ನು ಪಕ್ಕಕ್ಕಿಟ್ಟರೂ ಅಲ್ಲಿ ತೋರಿಸಿದ್ದು ಈ ಎರಡನೆಯ ಗುಂಪಿಗೆ ಸೇರುವ ಸ್ಥಿತಿಯೇ. ಎರಡರ ವ್ಯತ್ಯಾಸವನ್ನು ನೆನಪಿನ ಒಂದೇ ಪ್ರಶ್ನೆಯಿಂದ ಬಹುಮಟ್ಟಿಗೆ ಬೇರ್ಪಡಿಸಬಹುದು. ನಾಗವಲ್ಲಿ ಮಾಡಿದ್ದು ಗಂಗಾಳಿಗೆ ನೆನಪಿರುವುದಿಲ್ಲ. ಡಿಸೋಸಿಯೇಟಿವ್ ಸ್ಥಿತಿಯಲ್ಲಿ ಸ್ಮೃತಿಯಲ್ಲಿ ಹೀಗೆ ಅಂತರಗಳಿರುತ್ತವೆ. ಸ್ಕಿಜೋಫ್ರೇನಿಯಾದಲ್ಲಿ ಅಂಥ ಅಂತರವಿಲ್ಲ. ಅಲ್ಲಿ ಇರುವುದು ಉದ್ದಕ್ಕೂ ಒಬ್ಬರೇ, ಆ ಒಬ್ಬರಿಗೆ ಆಗುತ್ತಿರುವುದೆಲ್ಲ ಗೊತ್ತಿದೆ, ನೆನಪೂ ಇದೆ. ಸಂಕಟ ಇರುವುದೂ ಅಲ್ಲಿಯೇ.

ಮೈಮೇಲೆ ಬರುವುದನ್ನು ಸ್ಕಿಜೋಫ್ರೇನಿಯಾ ಎನ್ನುವವರದೂ ಇದೇ ಗೊಂದಲ. ಅದು ಡಿಸೋಸಿಯೇಷನ್ ಕಡೆಯ ವಿದ್ಯಮಾನ. ಮೇಲಾಗಿ ಭೂತಕೋಲದಲ್ಲಿ ಪಾತ್ರಿಗೆ ಆವೇಶ ಬರುವುದು ಸಮುದಾಯ ಒಪ್ಪಿದ, ನಿಯತ ಕಾಲದಲ್ಲಿ ಆರಂಭವಾಗಿ ನಿಯತ ಕಾಲದಲ್ಲಿ ಮುಗಿಯುವ ಆಚರಣೆಯಾದ್ದರಿಂದ ಯಾವ ಕೈಪಿಡಿಯ ಪ್ರಕಾರವೂ ಕಾಯಿಲೆಯಲ್ಲ. ಉನ್ಮಾದ ಮತ್ತು ಖಿನ್ನತೆಗಳ ನಡುವೆ ತಿಂಗಳುಗಟ್ಟಲೆ ತೂಗಾಡುವ ಬೈಪೋಲಾರ್ ಕಾಯಿಲೆಯನ್ನೂ ಇದರೊಳಗೆ ತುರುಕುವವರಿದ್ದಾರೆ. ಅದರ ಹೆಸರಿನಲ್ಲಿ ಎರಡು ಧ್ರುವಗಳಿವೆ ಎಂಬುದನ್ನು ಬಿಟ್ಟರೆ ಆ ತಪ್ಪಿಗೆ ಬೇರೆ ಆಧಾರವಿಲ್ಲ.

ಸ್ಕಿಜೋಫ್ರೇನಿಯಾದಲ್ಲಿ ಕದಡುವುದು "ಇದು ನನ್ನದು, ಅದು ಹೊರಗಿನದು" ಎಂದು ಗುರುತಿಸುವ ಗೆರೆ. ಕೇಳಿಬರುವ ದನಿಗಳನ್ನೇ ತೆಗೆದುಕೊಳ್ಳಿ. ಅವು ಬೈಯುವುದೂ, ಅಪ್ಪಣೆ ಕೊಡುವುದೂ ಉಂಟು. ಆದರೆ ಜರ್ಮನಿಯ ಕುರ್ಟ್ ಶ್ನೈಡರ್ ವಿಶೇಷವಾಗಿ ಗುರುತಿಸಿದ್ದು ಇನ್ನೊಂದು ಬಗೆಯನ್ನು. ಲೋಟ ಎತ್ತಿದರೆ "ನೋಡು, ಎತ್ತಿದ, ಈಗ ಕುಡಿಯುತ್ತಾನೆ" ಎಂದು ಇಬ್ಬರು ಪರಸ್ಪರ ಮಾತಾಡಿಕೊಳ್ಳುವುದು, ವೀಕ್ಷಕ ವಿವರಣೆಯಂತೆ, ದಿನವಿಡೀ. ತನ್ನ ತಲೆಯೊಳಗಿನ ಆಲೋಚನೆ ಪಕ್ಕದ ಕೋಣೆಯವರಿಗೆಲ್ಲ ಕೇಳಿಸುತ್ತಿದೆ ಎನ್ನಿಸುವುದು, ಅಥವಾ ಅದು ತನ್ನದೇ ಅಲ್ಲ, ಯಾರೋ ತಂದು ತುರುಕಿದ್ದು ಎನ್ನಿಸುವುದು ಈ ಗೆರೆ ಅಳಿಸಿದ್ದರ ಇನ್ನೆರಡು ರೂಪಗಳು. ನಾವೆಲ್ಲರೂ ಮನಸ್ಸಿನೊಳಗೆ ಮಾತಾಡಿಕೊಳ್ಳುತ್ತೇವೆ. ಆ ಒಳಮಾತಿಗೆ "ಇದು ನಾನೇ ಆಡಿದ್ದು" ಎಂಬ ಗುರುತು ಹಚ್ಚುವ ಮಿದುಳಿನ ಕೆಲಸ ಕೈಕೊಟ್ಟಾಗ ಅದೇ ಪರಕೀಯ ದನಿಯಾಗಿ ಕೇಳಿಸುತ್ತದೆ ಎಂಬುದು ಇದಕ್ಕೆ ಕೊಡುವ ಪ್ರಮುಖ ವಿವರಣೆಗಳಲ್ಲಿ ಒಂದು. 2013ರ ಅಮೆರಿಕನ್ ಕೈಪಿಡಿಯು ಶ್ನೈಡರ್ ಲಕ್ಷಣಗಳಿಗೆ ಇದ್ದ ವಿಶೇಷ ಮನ್ನಣೆಯನ್ನು ತೆಗೆದುಹಾಕಿದೆ, ಏಕೆಂದರೆ ಅವು ಬೇರೆ ಕಾಯಿಲೆಗಳಲ್ಲೂ ಕಾಣಿಸುತ್ತವೆ.

ದನಿ ಕೇಳಿದವರೆಲ್ಲರೂ ರೋಗಿಗಳಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ನಿದ್ದೆ ಹತ್ತುವ ಹೊತ್ತಿನಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ, ಬಾಗಿಲು ಬಡಿದಂತೆ ಕೇಳಿಸುವುದು ಎಚ್ಚರ ಮತ್ತು ನಿದ್ದೆಗಳ ಹೊಸ್ತಿಲಿನಲ್ಲಿ ಆರೋಗ್ಯವಂತರಿಗೂ ಆಗುವ ಅನುಭವ. ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟ ಎರಡು ಮೂರು ದಿನಗಳಲ್ಲಿ ಗೋಡೆಯ ಮೇಲೆ ಹುಳು ಹರಿಯುವುದನ್ನು ಕಾಣಬಹುದು; ಆದರೆ ಅಲ್ಲಿ ಪ್ರಜ್ಞೆಯೇ ಮಸುಕಾಗಿರುತ್ತದೆ, ಇಂದು ಯಾವ ವಾರ, ತಾನೆಲ್ಲಿದ್ದೇನೆ ಎಂಬುದು ತಿಳಿಯುವುದಿಲ್ಲ, ಜೀವಕ್ಕೇ ಅಪಾಯವಿರುತ್ತದೆ. ಸ್ಕಿಜೋಫ್ರೇನಿಯಾ ಇರುವವರಿಗೆ ಸಾಮಾನ್ಯವಾಗಿ ವಾರವೂ ಗೊತ್ತು, ಊರೂ ಗೊತ್ತು. ಪ್ರಜ್ಞೆ ತಿಳಿಯಾಗಿರುವಾಗಲೇ ದನಿ ಕೇಳಿಸುತ್ತದೆ. ಆಂಫೆಟಮೈನ್‌ನಂಥ ಮಾದಕಗಳು ಹುಟ್ಟಿಸುವ ಭ್ರಮೆ ಮೇಲ್ನೋಟಕ್ಕೆ ತದ್ರೂಪವಾಗಿದ್ದರೂ ಮಾದಕದ ಪ್ರಭಾವ ಇಳಿದ ಮೇಲೆ ಬಹುಪಾಲು ಇಳಿಯುತ್ತದೆ. ಗಾಂಜಾದ ಕಥೆ ಇಷ್ಟು ಸರಳವಲ್ಲ: ಹದಿಹರೆಯದಲ್ಲಿ ಅತಿಯಾಗಿ ಸೇದಿದವರಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಅದು ಗಿಡಮೂಲಿಕೆ, ಏನೂ ಆಗುವುದಿಲ್ಲ ಎಂಬ ಕಾಲೇಜು ಹಾಸ್ಟೆಲ್ಲಿನ ವೇದಾಂತಕ್ಕೆ ಇಷ್ಟು ಉತ್ತರ ಸಾಕು.

ಕಾಯಿಲೆ ಎಂದು ಹೇಳಲು ಕಾಲಾವಧಿಯ ನಿಯಮವೂ ಇದೆ. ಅಮೆರಿಕನ್ ಕೈಪಿಡಿಯ ಪ್ರಕಾರ ಒಟ್ಟು ತೊಂದರೆ ಕನಿಷ್ಠ ಆರು ತಿಂಗಳು ಇರಬೇಕು, ಅದರಲ್ಲಿ ತೀವ್ರ ಲಕ್ಷಣಗಳು ಸುಮಾರು ಒಂದು ತಿಂಗಳು. ಅಷ್ಟೇ ಮುಖ್ಯವಾದ, ಆದರೆ ಯಾರ ರೂಪಕಕ್ಕೂ ಒದಗದ ಲಕ್ಷಣಗಳು ಇನ್ನೊಂದು ಬಗೆಯವು: ಮಾತು ಕಡಿಮೆಯಾಗುವುದು, ಸ್ನಾನಕ್ಕೂ ಏಳಲಾಗದಷ್ಟು ಉತ್ಸಾಹ ಬತ್ತುವುದು, ನೆಂಟರಿಷ್ಟರ ಸಂಗ ಬೇಡವಾಗುವುದು. ಮನೆಯವರು ಇದನ್ನೇ ಸೋಮಾರಿತನ ಎನ್ನುತ್ತಾರೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಂದಿನಿಂದ ದನಿ ಮತ್ತು ಭ್ರಮೆಗಳನ್ನು ತಗ್ಗಿಸುವ ಔಷಧಗಳಿವೆ. ಈ ಬತ್ತುವಿಕೆಯ ಮೇಲೆ ಅವುಗಳ ಪ್ರಭಾವ ಅಷ್ಟಕ್ಕಷ್ಟೆ. ಹಾಗೆಂದು ಚಿಕಿತ್ಸೆ ವ್ಯರ್ಥವಲ್ಲ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ವೈದ್ಯರು ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲಿ ಗುರುತಿಸಿ ಚಿಕಿತ್ಸೆ ಕೊಟ್ಟ ಕಾರ್ಯಕ್ರಮದಲ್ಲಿ, ಔಷಧ ಪಡೆದವರ ದಿನನಿತ್ಯದ ಅಸಾಮರ್ಥ್ಯ ಪಡೆಯದವರಿಗಿಂತ ಕಡಿಮೆಯಿದ್ದುದು ಕಂಡುಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಅಂದರೆ ಪದವನ್ನು ಎಲ್ಲೆಂದರಲ್ಲಿ ಎಸೆಯುವ ಲೇಖನದ ಓದುಗರಲ್ಲೂ ಅವರು, ಅವರ ಅಣ್ಣತಮ್ಮಂದಿರು, ಅವರ ತಾಯಂದಿರು ಇದ್ದೇ ಇರುತ್ತಾರೆ.

ಹೆಸರು ಹಾನಿ ಮಾಡುತ್ತದೆ ಎಂದು ಮನಗಂಡ ದೇಶಗಳು ಅದನ್ನು ಬದಲಿಸಿಯೂ ಇವೆ. ಜಪಾನಿನಲ್ಲಿ ಇದನ್ನು "ಸೇಯ್ಶಿನ್ ಬುನ್ರೆತ್ಸು ಬ್ಯೋ" ಎನ್ನುತ್ತಿದ್ದರು. ಅದರ ಅರ್ಥ ನೇರವಾಗಿ ಸೀಳಿದ ಮನಸ್ಸಿನ ರೋಗ. ರೋಗಿಗಳ ಕುಟುಂಬಗಳ ಒತ್ತಾಯದ ಮೇಲೆ 2002ರಲ್ಲಿ ಅಲ್ಲಿನ ಮನೋವೈದ್ಯರ ಸಂಘ "ತೋಗೋ ಶಿಚ್ಚೋ ಶೋ", ಅಂದರೆ ಒಗ್ಗೂಡುವಿಕೆ ತಪ್ಪಿದ ಸ್ಥಿತಿ ಎಂಬ ಹೆಸರನ್ನು ಒಪ್ಪಿಕೊಂಡಿತು. ದಕ್ಷಿಣ ಕೊರಿಯಾದವರು ಇನ್ನೂ ಮುಂದೆ ಹೋಗಿ, ತಂತಿವಾದ್ಯದ ಶ್ರುತಿ ಕೂಡಿಸುವುದನ್ನು ಸೂಚಿಸುವ "ಜೊಹ್ಯೊನ್" ಎಂಬ ಮಾತನ್ನು ಆರಿಸಿಕೊಂಡರು. ಎರಡರಲ್ಲೂ ಹೋಳುಗಳ ಲೆಕ್ಕವಿಲ್ಲ, ಮತ್ತೆ ಕೂಡಿಬರಬಹುದು ಎಂಬ ಸೂಚನೆಯಿದೆ.

ಕನ್ನಡದಲ್ಲಿ ಹೊಸ ಪದ ಬರುವವರೆಗೆ, ವೈದ್ಯರ ಕೋಣೆಯಲ್ಲಿ ಹೇಗೂ ನಡೆಯುತ್ತಿರುವಂತೆ, ಸ್ಕಿಜೋಫ್ರೇನಿಯಾ ಎಂದೇ ಬರೆಯುವುದು ಇಚ್ಚಿತ್ತ ವಿಕಲತೆಗಿಂತ ಲೇಸು. ಕನ್ನಡದ್ದೇ ಬೇಕೆನ್ನುವವರಿಗೆ ಛಿದ್ರಮನಸ್ಕತೆ ಇದೆ. ಜೋ, ಝೋ, ಟ್ಸೋ ಎಂಬ ಬರಹಭೇದಗಳಲ್ಲಿ ಯಾವುದಾದರೂ ಆಗಬಹುದು. ವ್ಯಕ್ತಿಯನ್ನು "ಸ್ಕಿಜೋಫ್ರೇನಿಕ್" ಎಂದು ಕರೆಯುವುದನ್ನು ಬಿಟ್ಟು ಸ್ಕಿಜೋಫ್ರೇನಿಯಾ ಇರುವವರು ಎನ್ನುವುದು ಈಗ ವೈದ್ಯಕೀಯ ಬರಹದಲ್ಲಿ ರೂಢಿ, ಮತ್ತು "ಸಕ್ಕರೆ ಕಾಯಿಲೆ ಇರುವವರು" ಎಂಬುದು ಸಲೀಸಾಗಿ ಬರುವ ಕನ್ನಡದಲ್ಲಿ ಇದಕ್ಕಾಗಿ ವಾಕ್ಯರಚನೆಯನ್ನು ತಿರುಚುವ ಪ್ರಮೇಯವೂ ಇಲ್ಲ.