ನಾಳೆ ಹೊರಡುವವರು ಇವತ್ತು ಬಂದರೆ

ರಜೆ ಹತ್ತಿರ ಬಂತು ಅಂದರೆ ಸಂಜೆ ಹೊತ್ತು ನನ್ನ ಪ್ರಾಣಿಗಳ ಕ್ಲಿನಿಕ್‌ನಲ್ಲಿ ನಾಯಿ ಕರೆತಂದವರದು ಒಂದೇ ಮಾತು. ‘ಡಾಕ್ಟ್ರೇ, ನಾಳೆ ಬೆಳಗಿನ ಜಾವ ಹೊರಡ್ತಾ ಇದೀವಿ. ಬೆಟ್ಟದ ಬುಡದಲ್ಲಿ, ಹೊಳೆ ಪಕ್ಕದಲ್ಲೇ ಟೆಂಟು. ಇವನಿಗೆ ಏನೇನು ಇಂಜೆಕ್ಷನ್ ಬೇಕೋ ಎಲ್ಲ ಈಗಲೇ ಹಾಕಿಬಿಡಿ.’

ನಾಯಿಯನ್ನು ಎಲ್ಲೋ ಬಿಟ್ಟು ಹೋಗದೆ ಜೊತೆಗೇ ಕರೆದುಕೊಂಡು ಹೋಗುವವರನ್ನು ಕಂಡರೆ ನನಗೆ ತುಂಬ ಇಷ್ಟ. ಹೊಸ ಜಾಗದಲ್ಲಿ ನೆಲ ಮೂಸುತ್ತಾ ಓಡಾಡುವ ನಾಯಿಯ ಖುಷಿಯೇ ಬೇರೆ. ಆದರೆ ಈ ‘ಈಗಲೇ ಹಾಕಿಬಿಡಿ’ ಕೇಳಿದಾಗೆಲ್ಲ ಬೇಜಾರಾಗುತ್ತದೆ, ಒಮ್ಮೊಮ್ಮೆ ಸಿಟ್ಟೂ ಬರುತ್ತದೆ. ಟೆಂಟು ಹಾಕುವ ಜಾಗವನ್ನು ಎರಡು ತಿಂಗಳು ಮೊದಲೇ ಬುಕ್ ಮಾಡಿರುತ್ತಾರೆ. ಶೂ, ಟಾರ್ಚು, ಮಡಚುವ ಕುರ್ಚಿ ಎಲ್ಲ ಮನೆಗೆ ಬಂದಿರುತ್ತದೆ. ನಾಯಿಗೊಂದು ಹೊಸ ಬೆಲ್ಟು ಕೂಡ. ಲಸಿಕೆ ಪುಸ್ತಕ ಹುಡುಕುವುದು ಮಾತ್ರ ಹೊರಡುವ ಹಿಂದಿನ ದಿನ.

ಏನೇನು ಕಟ್ಟಿಕೊಳ್ಳಬೇಕು, ಆ ಜಾಗದಲ್ಲಿ ನಾಯಿ ಬಿಡುತ್ತಾರಾ ಅಂತ ವಿಚಾರಿಸುವುದು, ಇವೆಲ್ಲ ನಿಮಗೇ ಗೊತ್ತು. ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಇಳಿಯದ ವಿಷಯ ಒಂದಿದೆ. ಇಂಜೆಕ್ಷನ್ ಚುಚ್ಚಿದ ತಕ್ಷಣ ರಕ್ಷಣೆ ಶುರುವಾಗುವುದಿಲ್ಲ.

ಲಸಿಕೆ ರೋಗಾಣುವನ್ನು ಕೊಲ್ಲುವ ಔಷಧಿ ಅಲ್ಲ. ‘ಇಂಥವನು ಬರಬಹುದು, ನೋಡಿಟ್ಟುಕೋ’ ಅಂತ ದೇಹಕ್ಕೆ ಗುರುತು ಹೇಳಿಕೊಡುತ್ತದೆ, ಅಷ್ಟೇ. ಎದುರಿಸುವ ಶಕ್ತಿಯನ್ನು ದೇಹವೇ ತಯಾರು ಮಾಡಿಕೊಳ್ಳಬೇಕು. ಅದಕ್ಕೆ ವಾರಗಟ್ಟಲೆ ಬೇಕು.

ಹೊಳೆ ಪಕ್ಕ ಉಳಿಯುವವರಿಗೆ ನಾನು ಮೊದಲು ಹೇಳುವುದು ಇಲಿ ಜ್ವರದ ಬಗ್ಗೆ. ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾದಿಂದ ಬರುವ ರೋಗ ಇದು. ಇಲಿ, ಹೆಗ್ಗಣ, ದನ, ಹಂದಿ, ಕಾಡುಪ್ರಾಣಿಗಳ ಮೂತ್ರದಲ್ಲಿ ಹೊರಬರುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ನಾಯಿ ಆ ನೀರು ಕುಡಿಯಬೇಕು ಅಂತಲೂ ಇಲ್ಲ. ಪಾದದಲ್ಲಿ ಸಣ್ಣ ಗೀರು ಇದ್ದರೆ ಸಾಕು. ಕಣ್ಣು, ಮೂಗು, ಬಾಯಿಯ ತೆಳು ಪೊರೆಯ ಮೂಲಕವೂ ಒಳಗೆ ಹೋಗುತ್ತದೆ. ಹೋದ ಮೇಲೆ ಕಿಡ್ನಿ ಮತ್ತು ಲಿವರ್ ಹಿಡಿಯುತ್ತದೆ.

ಇದಕ್ಕೆ ಲಸಿಕೆ ಇದೆ. ಮೊದಲ ಸಲ ಹಾಕಿಸುವುದಾದರೆ ಎರಡು ಡೋಸ್ ಬೇಕು, ನಡುವೆ 2ರಿಂದ 4 ವಾರದ ಅಂತರ. ಎರಡನೆಯದು ಆದ ಮೇಲೂ ಕನಿಷ್ಠ ಎರಡು ವಾರ ಬಿಡಿ ಅಂತ ನಾನು ಹೇಳುತ್ತೇನೆ. ಲೆಕ್ಕ ಹಾಕಿ ನೋಡಿ. ಸುಮಾರು ಆರು ವಾರ ಆಯಿತು ಅಲ್ವಾ? ಹಿಂದಿನ ದಿನ ಬಂದವರಿಗೆ ಮೊದಲ ಡೋಸ್ ಹಾಕಬಹುದು. ಆದರೆ ನಾಳೆ ಹೊಳೆಗೆ ಇಳಿಯುವ ನಾಯಿಗೆ ಅದರಿಂದ ನಾಳೆಗೆ ಏನೂ ಉಪಯೋಗವಿಲ್ಲ. ವರ್ಷ ವರ್ಷ ತಪ್ಪದೆ ಬೂಸ್ಟರ್ ಹಾಕಿಸಿದ ನಾಯಿಯ ವಿಷಯ ಬೇರೆ, ಅದರ ದೇಹಕ್ಕೆ ಗುರುತು ಆಗಲೇ ಇರುತ್ತದೆ. ನಡುವೆ ತುಂಬ ಅಂತರ ಬಿದ್ದಿದ್ದರೆ ಮತ್ತೆ ಎರಡು ಡೋಸ್ ಬೇಕಾಗಬಹುದು. ಅದನ್ನು ನಿಮ್ಮ ನಾಯಿಯನ್ನು ನೋಡುವ ಡಾಕ್ಟರೇ ತೀರ್ಮಾನಿಸಲಿ.

‘ಇವನಿಗೆ ಎಲ್ಲಾ ವ್ಯಾಕ್ಸಿನ್ ಆಗಿದೆ’ ಅನ್ನುವವರಿಗೂ ಒಂದು ಮಾತು. ಪುಸ್ತಕ ತೆರೆದು ನೋಡಿ. ಎಷ್ಟೋ ಪುಸ್ತಕಗಳಲ್ಲಿ ಹೋದ ವರ್ಷ ಹಾಕಿಸಿದ್ದು ರೇಬೀಸ್ ಮಾತ್ರ ಇರುತ್ತದೆ. ನಾಲ್ಕೈದು ರೋಗಕ್ಕೆ ಸೇರಿಸಿ ಕೊಡುವ ಲಸಿಕೆಗಳಲ್ಲೂ ಎಲ್ಲದರಲ್ಲಿ ಇಲಿ ಜ್ವರದ್ದು ಇರುವುದಿಲ್ಲ. ಇದ್ದರೆ ಸಾಮಾನ್ಯವಾಗಿ ಸ್ಟಿಕ್ಕರ್ ಮೇಲೆ ‘ಎಲ್’ ಅಕ್ಷರ ಕಾಣುತ್ತದೆ. ಲಸಿಕೆ ಹಾಕಿಸಿದರೆ ಎಲ್ಲಾ ಬಗೆಯ ಲೆಪ್ಟೊಸ್ಪೈರಾದಿಂದ ಪೂರ್ತಿ ರಕ್ಷಣೆ ಅಂತಲೂ ನಾನು ಹೇಳಲಾರೆ. ಇದರ ತಳಿಗಳು ತುಂಬ ಇವೆ, ಲಸಿಕೆಯಲ್ಲಿ ಇರುವುದು ಕೆಲವು ಮಾತ್ರ. ರೇಬೀಸ್ ಲಸಿಕೆ ಮೊದಲ ಸಲ ಹಾಕಿಸಿದರೂ ಅಷ್ಟೇ, ಒಂದು ತಿಂಗಳು ಕಾಯಬೇಕು.

ಇನ್ನು ಉಣ್ಣೆ ಹುಳದ ಕಥೆ. ಒಂದು ಕುಟುಂಬ ಹೊರಡುವ ಹಿಂದಿನ ರಾತ್ರಿ ತಮ್ಮ ಗೋಲ್ಡನ್ ರಿಟ್ರೀವರ್‌ಗೆ ಮನೆಯಲ್ಲೇ ಕತ್ತಿನ ಹಿಂದೆ ಹನಿ ಔಷಧಿ ಹಾಕಿತ್ತು. ಔಷಧಿ ಒಳ್ಳೆಯದೇ, ಡೋಸೂ ಸರಿಯಾಗಿತ್ತು. ಮಾರನೇ ದಿನ ಆ ಹುಡುಗಿ ಇಡೀ ಮಧ್ಯಾಹ್ನ ಹೊಳೆಯಲ್ಲಿ ಈಜಿದ್ದಾಳೆ. ವಾಪಸ್ ಬಂದ ಮೇಲೆ ಕಿವಿ ಕೆರೆದುಕೊಳ್ಳುತ್ತಾಳೆ ಅಂತ ನನ್ನ ಹತ್ತಿರ ಕರೆತಂದರು. ಕಿವಿ ಮಡಚಿ ನೋಡಿದರೆ ಒಳಗಿನ ಮಡಿಕೆಯಲ್ಲಿ ಬೂದು ಬಣ್ಣದ ಹುಳಗಳು ಸಾಲಾಗಿ ಕಚ್ಚಿಕೊಂಡಿದ್ದವು. ಕೆಲವು ರಕ್ತ ಕುಡಿದು ಉಬ್ಬಿದ್ದವು. ಬೆರಳ ಸಂದಿಯಲ್ಲಿ ಇನ್ನಷ್ಟು. ನಾನು ಒಂದೊಂದೇ ಕೀಳುವಾಗ ಅವಳು ನನ್ನ ಮೊಣಕೈ ನೆಕ್ಕುತ್ತಾ ಸುಮ್ನೆ ನಿಂತಿದ್ದಳು. ‘ಔಷಧಿ ಹಾಕಿದ್ವಲ್ಲ ಡಾಕ್ಟ್ರೇ’ ಅಂತ ಮನೆಯವರಿಗೆ ಒಂದೇ ಸಂಕಟ.

ಹಾಕಿದ್ದು ನಿಜ. ಆದರೆ ಹನಿ ಔಷಧಿ ಚರ್ಮದ ಜಿಡ್ಡಿನಲ್ಲಿ ಬೆರೆತು ಮೈಯೆಲ್ಲ ಹರಡಬೇಕು. ಅದಕ್ಕೆ ಸಾಮಾನ್ಯವಾಗಿ ಎರಡು ದಿನ ಬೇಕು. ಅಷ್ಟರೊಳಗೆ ನೀರಿಗೆ ಇಳಿದರೆ ಬಹಳಷ್ಟು ತೊಳೆದು ಹೋಗುತ್ತದೆ. ಹೋಗುವುದು ಹೊಳೆಗೇ ಅನ್ನುವುದು ಇನ್ನೊಂದು ನೋವು. ಇಂಥ ಎಷ್ಟೋ ಔಷಧಿಗಳು ನೀರಿನ ಹುಳಹುಪ್ಪಟೆಗೆ ವಿಷ, ಕೆಲವು ಮೀನಿಗೂ ವಿಷ. ಈಜುವ ನಾಯಿಗೆ ಬಾಯಿಂದ ಕೊಡುವ ಮಾತ್ರೆ ವಾಸಿ, ಅದು ತೊಳೆದು ಹೋಗುವುದಿಲ್ಲ. ಆದರೆ ಫಿಟ್ಸ್ ಬರುವ ನಾಯಿಗೆ ಇಂಥ ಕೆಲವು ಮಾತ್ರೆ ಆಗಿಬರುವುದಿಲ್ಲ. ಹಾಗಾಗಿ ಕೇಳದೆ ಕೊಡಬೇಡಿ. ಮೊದಲ ಮಾತ್ರೆಯನ್ನು ಹೊರಡುವುದಕ್ಕೆ ವಾರ ಮೊದಲೇ, ಮನೆಯಲ್ಲಿರುವಾಗ ಕೊಟ್ಟು ನೋಡಿ. ವಾಂತಿ ಆದರೆ ನಾವು ಹತ್ತಿರ ಇರುತ್ತೇವೆ. ಬೆಟ್ಟದ ಮೇಲೆ ಯಾರು ಇರುತ್ತಾರೆ?

ಕಾರಿನಲ್ಲಿ ವಾಂತಿ ಮಾಡುವ ನಾಯಿಗೆ ಕೊಡುವ ಮಾತ್ರೆಗೂ ಇದೇ ಮಾತು. ಮಂಪರು ಬರಿಸುವ ಮಾತ್ರೆ ಕೇಳುವವರಿಗೆ ನಾನು ಸಾಮಾನ್ಯವಾಗಿ ಇಲ್ಲ ಅನ್ನುತ್ತೇನೆ. ವಾಂತಿ ತಡೆಯುವ ಔಷಧಿ ಬೇರೆ, ಮಂಪರಿನದು ಬೇರೆ.

ನಾಯಿಯ ಕಾಲಿಗೂ ವಾರಗಳ ತಯಾರಿ ಬೇಕು. ದಿನಾ ಎರಡು ಸಲ ಬೀದಿ ಸುತ್ತಿ ಬಂದು ಸೋಫಾ ಮೇಲೆ ಮಲಗುವ ನಾಯಿ ಒಮ್ಮೆಲೇ ಬೆಟ್ಟ ಹತ್ತಿದರೆ ಪಾದದ ಮೆತ್ತೆ ಕಿತ್ತು ಬರುತ್ತದೆ. ವಾರವಾರ ನಡಿಗೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ, ಮಣ್ಣು ಕಲ್ಲಿನ ದಾರಿಯಲ್ಲೂ ನಡೆಸಿ. ನೀವು ಮುಂದೆ ಹೋಗುತ್ತಿದ್ದರೆ ನಾಯಿ ಸುಸ್ತಾಗಿದ್ದರೂ ನಿಮ್ಮ ಹಿಂದೆ ಬರುತ್ತಲೇ ಇರುತ್ತದೆ. ನಿಲ್ಲಿಸಬೇಕಾದವರು ನೀವು. ಪಗ್, ಬುಲ್‌ಡಾಗ್, ಶಿಟ್ಜು ತರಹದ ಚಪ್ಪಟೆ ಮೂಗಿನ ನಾಯಿಗಳನ್ನು ಬಿಸಿಲಲ್ಲಿ ಹತ್ತಿಸಲೇಬೇಡಿ. ನಾಯಿ ಮೈ ತಣ್ಣಗೆ ಮಾಡಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟು, ಇವಕ್ಕೆ ಅದೇ ಕಷ್ಟ. ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೀವಕ್ಕೇ ಅಪಾಯ. ಅಂಥ ಹೊತ್ತಲ್ಲಿ ಮೊದಲು ನೆರಳಿಗೆ ಒಯ್ದು ಮೈಗೆ ನೀರು ಸುರಿದು ಗಾಳಿ ಬೀಸಿ, ಆಮೇಲೆ ಆಸ್ಪತ್ರೆ ಕಡೆ ಹೊರಡಿ.

ಹಿಂದಿನ ದಿನ ಬಂದವರನ್ನು ಬೈದು ಕಳಿಸುವುದಿಲ್ಲ. ಮಕ್ಕಳು ಪಕ್ಕದಲ್ಲಿ ನಿಂತು ಮುಖ ನೋಡುತ್ತಿರುತ್ತಾರೆ. ಮೂರು ತಿಂಗಳ ಮರಿ, ಲಸಿಕೆಗಳು ಇನ್ನೂ ಮುಗಿದಿಲ್ಲ ಅಂದರೆ ಮಾತ್ರ ಈ ಸಲ ಬೇಡ ಅಂತ ಖಡಾಖಂಡಿತ ಹೇಳುತ್ತೇನೆ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ದೊಡ್ಡ ನಾಯಿಯಾದರೆ ಹೋಗಿ ಬನ್ನಿ, ಆದರೆ ನೀರಿಗೆ ಬಿಡಬೇಡಿ. ನಿಂತ ನೀರು, ಕೊಚ್ಚೆ, ಹಸಿರು ಪಾಚಿ ಕಟ್ಟಿದ ಗುಂಡಿ ಹತ್ತಿರವೂ ಬೇಡ. ಕೆಲವು ಬಗೆಯ ಪಾಚಿಯ ವಿಷಕ್ಕೆ ನಾಯಿ ಗಂಟೆಗಳಲ್ಲೇ ಸಾಯಬಹುದು. ಕುಡಿಯುವ ನೀರು ಮನೆಯಿಂದ ಒಯ್ಯಿರಿ. ಬೆಲ್ಟು ಕೈಯಲ್ಲೇ ಇರಲಿ. ಕರೆದರೆ ಬರುವ ನಾಯಿ ಕೂಡ ಕಾಡುಪ್ರಾಣಿ ಕಂಡಾಗ ನಿಮ್ಮ ಕೂಗು ಕೇಳಿಸಿಕೊಳ್ಳುವುದಿಲ್ಲ. ರಾತ್ರಿ ಮಲಗುವ ಮೊದಲು ಕಿವಿ, ಕಂಕುಳು, ಬಾಲದ ಬುಡ, ಬೆರಳ ಸಂದಿ, ಕಾಲರ್ ಕೆಳಗೆ ಬೆರಳಾಡಿಸಿ. ಹುಳ ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡವೇ ಬೇಡ.

ವಾಪಸ್ ಬಂದ ಮೇಲೆ ಮೂರು ವಾರ ನಾಯಿಯ ಮೇಲೆ ಒಂದು ಕಣ್ಣಿಡಿ. ಇಲಿ ಜ್ವರ ಸಾಮಾನ್ಯವಾಗಿ ಒಂದೆರಡು ವಾರಕ್ಕೆ ಕಾಣಿಸಿಕೊಳ್ಳುತ್ತದೆ, ಉಣ್ಣೆಯಿಂದ ಬರುವ ಜ್ವರಗಳು ಇನ್ನೂ ತಡವಾಗಬಹುದು. ಊಟ ಬಿಟ್ಟರೆ, ಜ್ವರ, ವಾಂತಿ ಬಂದರೆ, ವಿಪರೀತ ನೀರು ಕುಡಿದರೆ, ಕಣ್ಣು ಅಥವಾ ಒಸಡು ಹಳದಿಯಾದರೆ ಅವತ್ತೇ ಕರೆತನ್ನಿ. ಬಂದಾಗ ‘ಹೊಳೆ ಹತ್ತಿರ ಕ್ಯಾಂಪ್ ಹೋಗಿದ್ವಿ’ ಅಂತ ನೀವಾಗಿಯೇ ಹೇಳಿ. ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ. ನಾವು ಊಟದಲ್ಲೇನೋ ಏರುಪೇರು ಅಂತ ಹುಡುಕುತ್ತಾ ಎರಡು ದಿನ ಕಳೆದುಹೋಗುತ್ತದೆ. ಇಲಿ ಜ್ವರ ಮನುಷ್ಯರಿಗೂ ಬರುತ್ತದೆ. ನಾಯಿಗೆ ಹುಷಾರಿಲ್ಲದಾಗ ಅದರ ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ. ಜೊತೆಗೆ ಹೋದವರಲ್ಲಿ ಯಾರಿಗಾದರೂ ಜ್ವರ ಬಂದರೆ ನಿಮ್ಮ ಡಾಕ್ಟರಿಗೂ ಹೊಳೆಯ ವಿಷಯ ಹೇಳಿ.